ಗಂಗವ್ವನ ಉಡಿಗೆ ಬಿಟ್ಟ ಒಂದು ಹಿಡಿ

ನಮ್ಮ ಓಣಿಯಲ್ಲಿ ಯಾರೂ ಮಗ್ಗವನ್ನು ಬರಿದು ಮಾಡುತ್ತಿರಲಿಲ್ಲ. ಸೀರೆ ನೆಯ್ದು ಮುಗಿದ ಮೇಲೂ ಹಳೆಯ ಹಾಸಿನ, ಅಂದರೆ ಉದ್ದೆಳೆಗಳ, ಒಂದು ಗೇಣು ನೂಲನ್ನು ಮಗ್ಗದಲ್ಲೇ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದರ ತುದಿಗೆ ಹೊಸೆದು ಕೂಡಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಿದ್ದೆವು. ಕೆಚ್ಚಿದರೆ ಎಳೆಗಳನ್ನು ಮೊದಲಿನಿಂದ ಹಣಿಗೆಯ ಹಲ್ಲುಗಳಲ್ಲಿ ಪೋಣಿಸುವ ರಗಳೆ ತಪ್ಪುತ್ತದೆ. ಆದರೆ ಅಪ್ಪನಿಗೆ ಅದು ಬರೀ ಅನುಕೂಲದ ಮಾತಾಗಿರಲಿಲ್ಲ. ಬರಿದಾದ ಮಗ್ಗವೆಂದರೆ ಸಾವಾದ ಮನೆ ಎಂದೇ ಅವನ ಲೆಕ್ಕ.

ಕೆಚ್ಚುವ ಕೆಲಸ ಅಕ್ಕನದು ಮತ್ತು ನನ್ನದು. ಮಗ್ಗದ ಬಲಗಡೆಯಿಂದ ನಾನು, ಎಡಗಡೆಯಿಂದ ಅವಳು. ನಡುವೆ ಬಂದು ಕೂಡಬೇಕು. ಅಕ್ಕ ಎಡಗೈಯವಳು. ಅವಳು ಹೊಸೆದ ನೂಲು ನನ್ನದಕ್ಕಿಂತ ಉಲ್ಟಾ ತಿರುಗಿರುತ್ತಿತ್ತು. ತನ್ನ ಪಾಲು ಮುಗಿಸಿ ನನ್ನ ಪಾಲಿಗೂ ಕೈ ಹಾಕುವುದು ಅವಳ ರೂಢಿ. "ಬಾಯಿ ನಡದಂಗ ಕೈ ನಡದಿದ್ರ ನೀ ಎಂದೋ ಮುಗಸ್ತಿದ್ದಿ," ಎನ್ನುವಳು. ನನ್ನ ಬಾಯಿ ಆಗಲೂ ಸುಮಾರಿರಲಿಲ್ಲ, ಈಗಲೂ ಇಲ್ಲ. ಅವಳನ್ನು ಮುಧೋಳಕ್ಕೆ ಕೊಟ್ಟಾಗ ನನಗೆ ಹನ್ನೆರಡು ವರ್ಷ. ಅವಳ ಅರ್ಧವನ್ನೂ ನಾನೇ ಕೆಚ್ಚಬೇಕಾಯಿತಲ್ಲ ಎಂದು ಅತ್ತೆನೋ, ಅವಳು ಹೋದಳೆಂದು ಅತ್ತೆನೋ, ನನಗೇ ತಿಳಿಯಲಿಲ್ಲ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲಿನ ವರ್ಷಗಳವು. ಬನಹಟ್ಟಿಯಲ್ಲಿ ನಮ್ಮ ಓಣಿ ಮುಗಿಯುವಲ್ಲಿ ಒಂದು ಸಣ್ಣ ಕೆರೆಯಿತ್ತು. ಈಚೆ ದಂಡೆಯ ಮೆಟ್ಟಿಲಲ್ಲಿ ನಾವು ನೂಲಿನ ಲಡಿ ತೊಳೆಯುತ್ತಿದ್ದೆವು, ಆಚೆ ದಂಡೆಯಲ್ಲಿ ಬೀರೇಶ್ವರನ ಒಕ್ಕಲಿನ ಕುರುಬರು ಕುರಿಗಳಿಗೆ ನೀರು ಕುಡಿಸುತ್ತಿದ್ದರು. ಒಂದು ಮಳೆಗಾಲದಲ್ಲಿ ಮೆಟ್ಟಿಲ ಹತ್ತಿರ ಹೊಸದೊಂದು ಗಿಡ ತೇಲುತ್ತಿರುವುದು ಕಂಡಿತು. ಎಲೆಯ ಬುಡ ಉಬ್ಬಿತ್ತು, ತುದಿಗೆ ತಿಳಿನೀಲಿ ಹೂವಿತ್ತು. ಎಲ್ಲಿಂದ ಬಂತು, ಯಾರು ತಂದು ಬಿಟ್ಟರು, ಇಂದಿಗೂ ಗೊತ್ತಿಲ್ಲ. ಬೇರು ನೆಲ ಮುಟ್ಟದೆ ನೀರಿನಲ್ಲೇ ತೇಲುತ್ತಿದ್ದುದರಿಂದ ಹಿರಿಯರು ಅಂತರಗಂಗಿ ಎಂದರು. ಹೂವಿನ ಚೆಂದಕ್ಕೆ ಓಣಿಗೆ ಓಣಿಯೇ ಮರುಳಾಯಿತು. ನಾನೂ ದಿನಾ ಕಿತ್ತು ತಂದು ದೇವರ ಜಗಲಿಗೆ ಏರಿಸುತ್ತಿದ್ದೆ.

ಎರಡು ವರ್ಷದಲ್ಲಿ ಕೆರೆ ಕಾಣದಂತಾಯಿತು. ಲಡಿ ಅದ್ದಿದರೆ ಕರಿಯ ಬೇರಿನ ಕೂದಲು ನೂಲಿಗೆ ಹತ್ತಿ ಬರುತ್ತಿತ್ತು. ಬಿಳಿ ನೂಲು ಬಿಳಿಯಾಗಿ ಉಳಿಯಲಿಲ್ಲ. ನೆಲವೆಂದು ತಿಳಿದು ಹಸಿರಿನ ಮೇಲೆ ಕಾಲಿಟ್ಟ ಕುರಿಗಳು ಮುಳುಗಿದವು. ಗೋಡೆಗೆ ಮಲೇರಿಯಾ ಔಷಧ ಹೊಡೆಯಲು ಬಂದಿದ್ದ ಸರಕಾರಿ ಮನುಷ್ಯ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ನೀವು ಗೋಡೆ ಕಾಯುತ್ತ ಕೂತಿದ್ದೀರಿ, ಸೊಳ್ಳೆ ಆ ಎಲೆಗಳ ಬುಡದಲ್ಲಿ ಸಂಸಾರ ಹೂಡಿದೆ ಎಂದು ಬೈದು ಹೋದ.

ಹಸಿರು ಹಬ್ಬತೊಡಗಿದಾಗಲೇ ಕೆರೆಯನ್ನು ಅಳೆಯಲು ಶುರು ಮಾಡಿದವನು ಅಪ್ಪ. ಅಮಾವಾಸ್ಯೆಗೆ ಮಗ್ಗಗಳಿಗೆ ರಜೆ. ಅಂದು ಬೆಳಿಗ್ಗೆ ಅವನು ಮೆಟ್ಟಿಲ ಕಲ್ಲಿಗೆ ಕೆಂಪು ನೂಲಿನ ತುದಿ ಕಟ್ಟಿ, ಸೊಂಟಕ್ಕೆ ಸೋರೆಬುರುಡೆ ಬಿಗಿದು, ನೀರಿಗಿಳಿದು ಹಸಿರಿನ ಅಂಚಿನವರೆಗೆ ನೂಲು ಬಿಡುತ್ತ ಹೋಗುವನು. ಎಷ್ಟು ನೂಲು ಹೋಯಿತೋ ಅಷ್ಟು ಬಯಲು ನೀರು. ಅದನ್ನು ಕತ್ತರಿಸಿ ತಂದು, ಮಡಚಿ, ಮಗ್ಗದ ಮೇಲಿನ ತೊಲೆಗೆ ತೂಗುಬಿಡುವನು. ತಿಂಗಳಿಂದ ತಿಂಗಳಿಗೆ ನೂಲು ಗಿಡ್ಡಾಗುತ್ತ ಬಂತು. ಓದು ಬಾರದವರಿಗೂ ಆ ತೊಲೆ ನೋಡಿದರೆ ಸಾಕಿತ್ತು. ಕೊನೆಯ ನೂಲು ನನ್ನ ಒಂದು ಮೊಳದಷ್ಟೂ ಇರಲಿಲ್ಲ. ಅದನ್ನೇ ಹಿಡಿದುಕೊಂಡು ಅಪ್ಪ ಮನೆಮನೆಗೂ ಹೋದ.

ಆ ಬೇಸಿಗೆಯ ಮೂರು ಅಮಾವಾಸ್ಯೆ ಊರು ಕೆರೆಗಿಳಿಯಿತು. ಮಗ್ಗಕ್ಕೊಬ್ಬ ಆಳು ಎಂದು ಕರಾರಾಗಿತ್ತು. ಹಾಳು ನೂಲನ್ನೆಲ್ಲ ಹೊಸೆದು ತೋಳಿನಷ್ಟು ದಪ್ಪ ಹಗ್ಗ ಮಾಡಿದ್ದರು. ಈಚೆ ದಂಡೆಯಿಂದ ನೇಕಾರರು, ಆಚೆಯಿಂದ ಕುರುಬರು ಅದನ್ನು ಹಿಡಿದು, ತಲೆ ಬಾಚಿದ ಹಾಗೆ ನೀರನ್ನು ಬಾಚುತ್ತ ತಂದರು. ದಡಕ್ಕೆ ಬಂದದ್ದನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ದೂರದ ಬಯಲಿಗೆ ಒಣಹಾಕಿದೆವು. ನೇಕಾರನ ಕಾಲಿಗೆ ಮಗ್ಗದ ಕುಣಿಯೇ ಗತಿ, ನೀರು ಅಲ್ಲ ಎಂದು ಕುರುಬರು ನಕ್ಕರು. ಕುರಿಯ ಹಿಂದೆ ತಿರುಗಿದವರಿಗೆ ಸಾಲು ಹಿಡಿದು ನಿಲ್ಲಲು ಬಾರದು ಎಂದು ನಮ್ಮವರು ನಕ್ಕರು. ನನ್ನ ಜೀವನದಲ್ಲಿ ಅಷ್ಟು ಜನ ಜಗಳವಿಲ್ಲದೆ ಒಂದೆಡೆ ಸೇರಿದ್ದನ್ನು ನಾನು ಮತ್ತೆ ನೋಡಿಲ್ಲ.

ಮೂರನೆಯ ಅಮಾವಾಸ್ಯೆಯ ಹೊತ್ತಿಗೆ ಅಕ್ಕ ಮುಧೋಳದಿಂದ ಬಂದಿದ್ದಳು. ಐದು ತಿಂಗಳ ಬಸುರಿ. ಮನೆಯಲ್ಲಿ ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಉಡಿ ತುಂಬಿದ್ದರು. ಅಂದು ಮಧ್ಯಾಹ್ನಕ್ಕೆ ಕೆರೆಯಲ್ಲಿ ಮೆಟ್ಟಿಲ ಮೂಲೆಯ ಒಂದು ಹಿಡಿ ಗಿಡ ಮಾತ್ರ ಉಳಿಯಿತು. ಕುರುಬರ ಹಿರಿಯಜ್ಜ ಅದಕ್ಕೆ ಕೈ ಹಾಕಿದಾಗ ಅಪ್ಪ ತಡೆದ.

"ಅದು ಇರಲಿ ಕಾಕಾ. ಮಗ್ಗ ಬರಿದ ಮಾಡೂ ರೂಢಿ ನಮ್ಮಲ್ಲಿ ಇಲ್ಲ. ಮನ್ಯಾಗ ಬಸರಿ ಮಗಳು ಅದಾಳ. ಕೆರಿ ಗಂಗವ್ವನ ಉಡಿ ಪೂರಾ ಬರಿದ ಮಾಡಿ ನಾ ಹೆಂಗ ಮನಿಗೆ ಹೋಗ್ಲಿ?"

ಅಜ್ಜ ಗಿಡದಿಂದ ಕೈ ತೆಗೆಯಲಿಲ್ಲ. "ತಮ್ಮಾ, ರೋಗದ ಕುರಿ ಒಂದ ಉಳದ್ರೂ ಹಿಂಡಿಗೆಲ್ಲ ಹತ್ತತೈತಿ. ಇದು ನೂಲಲ್ಲ. ಇದಕ್ಕ ನಿನ್ನ ಮನಿ ರೂಢಿ ಗೊತ್ತಿಲ್ಲ."

ನಮ್ಮ ಓಣಿಯವರೆಲ್ಲ ಅಪ್ಪನ ಮಾತಿಗೇ ತಲೆಯಾಡಿಸಿದರು. ಪ್ರತಿಯೊಬ್ಬರ ಮನೆಯ ಮಗ್ಗದಲ್ಲೂ ಒಂದು ಗೇಣು ಹಳೆಯ ಹಾಸು ಇತ್ತು. ಅಪ್ಪ ಹೇಳಿದ್ದು ಅವರಿಗೆ ಸಹಜವಾಗಿ ಕೇಳಿಸಿತು. ಹಗ್ಗದ ತುಂಡಿನಿಂದ ಆ ಹಿಡಿಯ ಸುತ್ತ ಒಂದು ಬಳೆಯಂತೆ ಬೇಲಿ ಕಟ್ಟಿದರು. ಅಕ್ಕ ಅರಿಷಿಣ ಕುಂಕುಮ ಏರಿಸಿದಳು. ಅಜ್ಜ ತನ್ನ ಕಂಬಳಿ ಕೊಡವಿ ಆಚೆ ದಂಡೆಗೆ ಹೋದ. ಆ ಸಂಜೆ ಅಪ್ಪ ತಂದ ಕೆಂಪು ನೂಲು ತೊಲೆಯಿಂದ ನೆಲದವರೆಗೂ ಜೋತಾಡಿ, ಕೆಳಗೆ ಸುರುಳಿಯಾಗಿ ಬಿದ್ದಿತ್ತು. ಅವನು ಊಟ ಮಾಡುವಾಗಲೂ ಅದನ್ನೇ ನೋಡುತ್ತಿದ್ದ.

ಮಳೆ ಹಿಡಿಯಿತು. ಕೆರೆಯ ನೀರು ಏರಿ ಹಗ್ಗದ ಬೇಲಿ ಎಲ್ಲಿ ಹೋಯಿತೋ. ಅದೇ ವೇಳೆಗೆ ಹಬ್ಬದ ಸೀರೆಗಳ ಕೆಲಸ ಬಂತು, ಅಮಾವಾಸ್ಯೆಗೂ ಮಗ್ಗಗಳ ಸದ್ದು ನಿಲ್ಲಲಿಲ್ಲ. ಯಾರಿಗೂ ಪುರುಸೊತ್ತಿಲ್ಲ. ಅಪ್ಪ ಮಾತ್ರ ಅಳೆಯಲು ಹೋಗುತ್ತಿದ್ದ. ಆದರೆ ಈಗ ನೂಲನ್ನು ತೊಲೆಗೆ ಕಟ್ಟುತ್ತಿರಲಿಲ್ಲ. ಬೆರಳಿಗೆ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಎರಡು ಸಲ ನಾನು ನೋಡಿದೆ. "ಯಾಕಪ್ಪ, ಕಟ್ಟೂದಿಲ್ಲೇನು?" ಎಂದರೆ, "ನಿನ್ನ ಕೆಲಸ ನೋಡ ಹೋಗು" ಎಂದ. ಅಜ್ಜನ ಎದುರು ಸೋಲಬೇಕಾದೀತೆಂಬ ನಾಚಿಕೆ ಅವನಿಗೆ. ಆ ನಾಚಿಕೆಯನ್ನು ನಾನು ಬಹಳ ವರ್ಷ ಕ್ಷಮಿಸಲಿಲ್ಲ. ಜೇಬಿನ ನೂಲನ್ನು ನಾಲ್ಕು ಜನರಿಗೆ ತೋರಿಸಿದ್ದರೆ ನಾಲ್ಕು ಜನ ಬರುತ್ತಿದ್ದರು.

ಮಹಾನವಮಿಗೆ ಮುಂಚೆ ಹೊಸ ಹಾಸು ಮಗ್ಗಕ್ಕೆ ಬಂತು. ಅವ್ವ ಬೇಡವೆಂದರೂ ಅಕ್ಕ ಮಣೆ ಹಾಕಿಕೊಂಡು ಕೆಚ್ಚಲು ಕೂತಳು. ಮಧ್ಯಾಹ್ನ ಇನ್ನೊಂದು ನಾಲ್ಕು ಬೆರಳಗಲದ ಎಳೆ ಉಳಿದಿರುವಾಗ ನೂಲು ಅವಳ ಬೆರಳಿನಿಂದ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. "ಯಾಕೋ ಥಂಡಿ ಹತ್ತಾಕತ್ತೈತಿ," ಎಂದಳು. ಹೊರಗೆ ಬಿಸಿಲು ಸುಡುತ್ತಿತ್ತು. ಎರಡು ಕೌದಿ ಹೊದಿಸಿದರೂ ಅವಳ ಹಲ್ಲು ಕಟಕಟ ಎನ್ನುವುದು ನಿಲ್ಲಲಿಲ್ಲ. "ನನ್ನ ಪಾಲು ಒಂದೀಟು ಉಳದೈತಿ, ಮುಗಸು," ಎಂದು ನನಗೆ ಹೇಳಿದಳು. ಅವಳು ಮನೆಯಲ್ಲಿರುವಾಗ ಅವಳ ಪಾಲಿಗೆ ನಾನು ಕೈ ಹಾಕಿದ್ದು ಅದೇ ಮೊದಲು.

ಚಳಿಜ್ವರ ಒಂದು ದಿನ ಬಿಟ್ಟು ಒಂದು ದಿನ ಬಂತು. ಮೂರನೆಯ ಸಲಕ್ಕೆ ಗಾಡಿ ಕಟ್ಟಿ ಜಮಖಂಡಿಗೆ ಒಯ್ದರು. ಗಾಡಿ ಕೆರೆಯ ದಾರಿಯಲ್ಲೇ ಹೋಗಬೇಕು. ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಕೆರೆ ಈ ದಂಡೆಯಿಂದ ಆ ದಂಡೆಗೆ ಹಸಿರಾಗಿ, ಮೇಲೆಲ್ಲ ನೀಲಿ ಹೂ ಬಿಟ್ಟು ನಿಂತಿತ್ತು. "ಎಷ್ಟ ಛಂದ ಬಿಟ್ಟಾವಲ್ಲ," ಎಂದಳು. ಅಪ್ಪ ಎತ್ತುಗಳ ಹಗ್ಗ ಹಿಡಿದು ಮುಂದೆ ಕೂತಿದ್ದ. ಅವನು ಎತ್ತುಗಳ ಬಾಲ ತಿರುವಿ ಓಡಿಸಿದ. ಜಮಖಂಡಿಯಲ್ಲಿ ಎರಡು ದಿನ ಇದ್ದಳು. ಅವಳೂ ಹೋದಳು, ಹೊಟ್ಟೆಯಲ್ಲಿದ್ದದ್ದೂ ಹೋಯಿತು.

ಜ್ವರ ಆ ವರ್ಷ ಕೆರೆಯಿಲ್ಲದ ಊರುಗಳಲ್ಲೂ ಇತ್ತು. ರಬಕವಿಯಲ್ಲಿತ್ತು, ಬೀಳಗಿ ಕಡೆಯೂ ಇತ್ತೆಂದು ಕೇಳಿದ್ದೆ. ಯಾವ ಸೊಳ್ಳೆ ಎಲ್ಲಿ ಹುಟ್ಟಿತೆಂದು ಯಾರು ಹೇಳಬೇಕು? ಇದನ್ನು ಅಪ್ಪನಿಗೆ ಎಲ್ಲರೂ ಹೇಳಿದರು, ಅವ್ವನೂ ಹೇಳಿದಳು. ನಾನೊಬ್ಬಳು ಹೇಳಲಿಲ್ಲ. ಹೇಳಬೇಕಿತ್ತು. ಹದಿನಾಲ್ಕು ವರ್ಷದ ನನಗೆ ದುಃಖಕ್ಕಿಂತ ಸಿಟ್ಟು ದೊಡ್ಡದಾಗಿತ್ತು. ಈಗ ಸಿಟ್ಟು ಕರಗಿ ಹೋಗಿದೆ, ಹೇಳಲು ಅಪ್ಪ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅದು ಅಪ್ಪನಿಗಷ್ಟೇ ಅಲ್ಲ, ನನಗೂ ಸಲ್ಲುತ್ತದೆ.

ಮಣ್ಣು ಮಾಡಿ ಬಂದ ಮೂರನೆಯ ದಿನ ಅಪ್ಪ ಒಬ್ಬನೇ ಕುಡಗೋಲು ಹಿಡಿದು ಕೆರೆಗಿಳಿದ. ಅಮಾವಾಸ್ಯೆಯಲ್ಲ, ಯಾರನ್ನೂ ಕರೆದಿರಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಆಚೆ ದಂಡೆಯಿಂದ ಅಜ್ಜ ಕಂಬಳಿ ತೆಗೆದಿಟ್ಟು ನೀರಿಗಿಳಿದ. ಅವನ ಹಿಂದೆ ಅವನ ಮಕ್ಕಳು, ಅಳಿಯಂದಿರು. ಓಣಿಯಲ್ಲಿ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು, ನಮ್ಮವರೂ ಬಂದರು. ಐದು ದಿನ ಕಿತ್ತರು. ಈ ಸಲ ಯಾರೂ ನಗಲಿಲ್ಲ. ಅಜ್ಜ "ನಾ ಆಗಳೇ ಹೇಳಿದ್ನಲ್ಲ" ಎಂಬ ಒಂದು ಮಾತನ್ನೂ ಆಡಲಿಲ್ಲ. ಐದನೆಯ ದಿನ ಮೆಟ್ಟಿಲ ಮೂಲೆಯಲ್ಲಿ ಸಿಕ್ಕ ಕೊನೆಯ ಹಿಡಿಯನ್ನು ಅವನು ತಾನು ಕೀಳದೆ ಅಪ್ಪನ ಕಡೆಗೆ ತಳ್ಳಿದ. ಅಪ್ಪ ಕಿತ್ತ.

ಒದ್ದೆ ಧೋತರದಲ್ಲೇ ಮನೆಗೆ ಬಂದ. ನೇರವಾಗಿ ಮಗ್ಗಕ್ಕೆ ಹೋಗಿ ಕತ್ತರಿ ತೆಗೆದುಕೊಂಡ. ಅಕ್ಕನೂ ನಾನೂ ಕೆಚ್ಚಿದ ಹಾಸು ಹಾಗೇ ಇತ್ತು, ಅದರ ಮೇಲೆ ಒಂದು ಎಳೆಯನ್ನೂ ನೆಯ್ದಿರಲಿಲ್ಲ. ಎಡಗಡೆ ಅವಳ ಉಲ್ಟಾ ತಿರುವು, ಬಲಗಡೆ ನನ್ನದು, ನಡುವೆ ನಾಲ್ಕು ಬೆರಳು ಅವಳ ಪಾಲಿನಲ್ಲಿ ನಾನು ಹೊಸೆದದ್ದು. ಅಪ್ಪ ಎಡಗಡೆಯಿಂದಲೇ ಕತ್ತರಿ ಇಟ್ಟ.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಒಂದ ಗೇಣರೆ ಬಿಡ್ರಿ," ಎಂದಳು.

"ಒಂದ ಹಿಡಿ ಬಿಟ್ಟಿದ್ನಲ್ಲ," ಎಂದ ಅಪ್ಪ, ಮತ್ತು ಮಗ್ಗವನ್ನು ಬರಿದು ಮಾಡಿದ.