ಮಗೊಜಿ ಕೆತ್ತಿದ ಕಡೆಯ ತಲೆ

ಎದೊ ಪಟ್ಟಣದಲ್ಲಿ ನಟರ ಚಿತ್ರಕ್ಕೆ ಜನ ಮುಗಿಬೀಳುತ್ತಿದ್ದರು. ಹಾಳೆಯ ಮೇಲೆ ಬರೆದವನ ಸಹಿ ಇರುತ್ತಿತ್ತು, ಅಚ್ಚು ಹಾಕಿಸಿದ ಅಂಗಡಿಯ ಗುರುತೂ ಇರುತ್ತಿತ್ತು. ಆ ಅಚ್ಚಿನ ಮರದ ಹಲಗೆ ಕೆತ್ತಿದವನನ್ನು ಕೇಳುವವರೇ ಇಲ್ಲ. ಬರೆಯುವ ಮಹಾನುಭಾವ ಕೂದಲಿರುವ ಕಡೆ ನಾಲ್ಕು ಗೀಟು ಎಳೆದು ಎದ್ದುಬಿಡುತ್ತಾನೆ. ಅದನ್ನು ಚೆರ್ರಿ ಮರದ ಹಲಗೆಗೆ ಅಂಟಿಸಿಕೊಂಡು, ಹಣೆಯ ಮೇಲಿನ ಕೂದಲನ್ನು ಎಳೆ ಎಳೆಯಾಗಿ ನಿಲ್ಲಿಸುವವನು ಮಗೊಜಿ. ಬಟ್ಟೆಬರೆ ಕೆತ್ತುವವರು ಬೇರೆ, ತಲೆ ಕೆತ್ತುವವನು ಬೇರೆ. ಕಸುಬಿನಲ್ಲಿ ಅವನೇ ಮೇಲು. ಮೂವತ್ತೆರಡು ವರ್ಷ ಮೇಲಾಗಿಯೇ ಇದ್ದ, ಹೆಸರಿಲ್ಲದೆ.

ಈಚೆಗೆ ಒಂದಿಬ್ಬರು ಕೆತ್ತನೆಗಾರರ ಹೆಸರು ಹಾಳೆಯ ಮೂಲೆಯಲ್ಲಿ ಕಾಣಿಸಿಕೊಂಡಿತ್ತು. ಅದನ್ನು ನೋಡಿದ ದಿನದಿಂದ ಮಗೊಜಿಗೆ ಅನ್ನ ಸೇರಲಿಲ್ಲ. ಅಚ್ಚಿನ ಅಂಗಡಿಯ ಯಜಮಾನ ರಿಹೆಯ ಮುಂದೆ ಹೋಗಿ ಕುಳಿತ.

"ಈ ಸಲ ನಂದೂ ಹಾಕ್ಸಿ ಧಣಿ. ಬೆರಳಗಲ ಜಾಗ ಸಾಕು."

"ಸೊಮೆಜುರೊ ತಲೆ ಕೆತ್ಕೊಡು, ಹಾಳೆ ತುಂಬ ಬರೀ ಮುಖ, ಭುಜ. ಚೆನ್ನಾಗಿ ಬಂದ್ರೆ ನಿನ್ನ ಹೆಸರೂ ಇರ್ಲಿ. ನಿನ್ನ ಗೋಳು ಇನ್ನೆಷ್ಟು ದಿನ ಕೇಳ್ಲಯ್ಯ?"

ಹಗಿನೊ ಸೊಮೆಜುರೊ ಎಂದರೆ ಆಗ ಊರಿಗೆ ಊರೇ ಬಾಯಿ ಬಿಡುತ್ತಿದ್ದ ನಟ. ಮಗೊಜಿ ಕುಣಿಯುತ್ತಲೇ ಮನೆಗೆ ಬಂದ. ಆದರೆ ರಿಹೆಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಚಳಿಗಾಲದಿಂದ ಮಗೊಜಿಯ ಕಣ್ಣಿಗೆ ಮಂಜು ಕವಿಯುತ್ತಿತ್ತು. ಹೆಂಡತಿ ಒಕಿನು ಒಬ್ಬಳಿಗೆ ಬಿಟ್ಟು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಾರನೆಯ ದಿನವೇ ಕೆಲಸ ಹೋಗುತ್ತದೆ.

ಬೆಳಗಿನ ಬಿಸಿಲು ಬಾಗಿಲಿಗೆ ಬೀಳುವಷ್ಟು ಹೊತ್ತು ಮಾತ್ರ ಕೆತ್ತಿದ. ಗೆರೆ ಕಾಣದಾದಾಗ ಉಗುರಿನ ತುದಿಯಿಂದ ತಡವಿ ನೋಡಿದ. ಒಂದು ಕೂದಲು ಮುರಿದರೂ ಹಲಗೆಯೇ ಹಾಳು. ಇಂಥದ್ದನ್ನು ಇನ್ನೊಮ್ಮೆ ಮಾಡಲಾರೆನೆಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

"ಹೆಸರು ಎಲ್ಲಿ ಬರುತ್ತೆ ಹೇಳಿ" ಎಂದು ಒಕಿನು ದಿನಕ್ಕೊಮ್ಮೆ ಕೇಳುತ್ತಿದ್ದಳು. "ನಂಗಂತೂ ಓದಕ್ಕೆ ಬರಲ್ಲ. ಬಾವಿ ಹತ್ರ ಅವರಿಗೆಲ್ಲ ಬೆರಳಿಟ್ಟು ತೋರಿಸ್ಬೇಕು."

"ಎಡಗಡೆ, ಭುಜದ ಕೆಳಗೆ. ಮೊದ್ಲು ಕೆತ್ತಕ್ಕೆ ಬಿಡೆ."

ನಲವತ್ತು ದಿನ ಹಿಡಿಯಿತು. ಮೊದಲ ಅಚ್ಚನ್ನು ರಿಹೆ ಬೆಳಕಿಗೆ ಹಿಡಿದು ಎಳೆ ಎಳೆಯಾಗಿ ನೋಡಿದ. "ಹಾಕ್ಕೋಪ್ಪ ನಿನ್ನ ಹೆಸರು" ಎಂದ. ಮಗೊಜಿ ಹಾಕಿಕೊಂಡ.

ಹಾಳೆ ಮಾರಾಟಕ್ಕೆ ಬರುವ ಮೊದಲೇ, ಮೂರನೆಯ ದಿನ, ಸೊಮೆಜುರೊ ಹೊಟ್ಟೆನೋವೆಂದು ಮಲಗಿದವನು ಏಳಲೇ ಇಲ್ಲ. ಬೆಳಗಾಗುತ್ತಲೇ ರಿಹೆ ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಓಡಿಬಂದ. ಒಕಿನು ಮೂಲಂಗಿ ತರಲು ಹೋಗಿದ್ದಳು.

"ಇದನ್ನೇ ಸಾವಿನ ಹಾಳೆ ಮಾಡೋಣ. ಪಕ್ಕದ ಅಂಗಡಿಯವರು ಆಗ್ಲೇ ಶುರು ಹಚ್ಕೊಂಡಿದಾರೆ. ಹೆಸರೆಲ್ಲ ಕಿತ್ತಾಕು."

ನಟ ಸತ್ತಾಗ ಅವನ ನೆನಪಿಗೆಂದು ಮಾರುವ ಸಾವಿನ ಹಾಳೆಯ ರೀತಿಯೇ ಹಾಗೆ. ಅಚ್ಚು ಹಾಕಲು ಬೇಕಾದ ಸರ್ಕಾರದ ಮುದ್ರೆಗೆ ಕಾದು ಕೂರಲು ಯಾರಿಗೂ ಪುರುಸೊತ್ತಿಲ್ಲ, ಮುದ್ರೆಯಿಲ್ಲದ ಹಾಳೆಗೆ ಹೆಸರು ಹಾಕಿ ಸಿಕ್ಕಿಬೀಳಲು ಯಾರಿಗೂ ಧೈರ್ಯವಿಲ್ಲ. ಸತ್ತವನಿಗೆ ಗುಡಿಯಲ್ಲಿ ಇಟ್ಟ ಹೊಸ ಹೆಸರು, ಸತ್ತ ದಿನ, ಅಷ್ಟೇ.

"ನನ್ನದು ಚಿಕ್ಕದು ಧಣಿ. ಯಾರ ಕಣ್ಣಿಗೂ ಬೀಳಲ್ಲ."

"ನಿನ್ನದಿರೋ ಜಾಗದಲ್ಲೇ ಅವನ ಹೆಸರು ಬರ್ಬೇಕು. ಅಲ್ಲಿ ಬಿಟ್ರೆ ಜಾಗ ಎಲ್ಲಿದೆ?"

"ಹಾಗಾದ್ರೆ ಬೇರೆ ಯಾರ ಕೈಲಾದ್ರೂ ಕೀಳ್ಸಿ."

"ಬೇರೆಯವರು ಕೈ ಇಟ್ರೆ ಪಕ್ಕದ ಗೆರೆ ಹಾರ್ಹೋಗುತ್ತೆ. ಇದು ನಿನ್ನ ಕೈಗೇ ಆಗೋದು. ಮುಂದಿನ ಚಿತ್ರಕ್ಕೆ ನಿನ್ನ ಹೆಸರು ಖಂಡಿತ. ಮಾತು ಕೊಟ್ಟಿದೀನಿ."

ಮುಂದಿನ ಚಿತ್ರ ಇಲ್ಲವೆಂದು ಹೇಳಲು ಮಗೊಜಿ ಬಾಯಿ ತೆರೆದ. ಹೇಳಿದರೆ ನಾಳೆಯಿಂದ ಬಟ್ಟೆಯ ಅಂಚು ಕೆತ್ತುವ ಕೆಲಸವೂ ಸಿಗುವುದಿಲ್ಲ.

"ಆಗ್ಲಿ ಧಣಿ" ಎಂದ.

ತನ್ನ ಹೆಸರನ್ನು ತಾನೇ ತೋಡಿದ. ಅಲ್ಲಿ ಬೇರೆ ಮರದ ತುಂಡು ಕೂರಿಸಿ, ಅದರ ಮೇಲೆ ಸತ್ತವನ ಹೆಸರು ಕೆತ್ತಿದ. ಜೋಡಣೆ ಎಲ್ಲಿದೆಯೆಂದು ಯಾರಿಗೂ ಗೊತ್ತಾಗದಷ್ಟು ಚೊಕ್ಕವಾಗಿ ಬಂತು, ಪಾಪಿ ಕೈ.

ಹಾಳೆ ಬಿಸಿ ದೋಸೆಯಂತೆ ಖರ್ಚಾಯಿತು. ಅಂಗಡಿಯ ಮುಂದೆ ಹೆಂಗಸರು ನಿಂತಲ್ಲೇ ಅತ್ತರು. ಆ ನೂಕುನುಗ್ಗಲಿನಲ್ಲಿ ಒಕಿನುವೂ ತೋಳು ತೂರಿಸಿ ಒಂದು ಹಾಳೆ ತಂದಳು. ಏನಾಯಿತೆಂದು ಮಗೊಜಿ ಅವಳಿಗೆ ಹೇಳಿರಲೇ ಇಲ್ಲ.

"ಎಲ್ಲಿದೆ, ತೋರಿಸಿ" ಎಂದಳು.

ಮಗೊಜಿ ಅವಳ ಮುಖ ನೋಡಿದ. ಸತ್ತವನ ಹೆಸರಿನ ಮೇಲೆ ಬೆರಳಿಟ್ಟು, "ಇಲ್ಲೇ" ಎಂದ.

ಒಕಿನು ಬಿಂದಿಗೆಯನ್ನೂ ಹಾಳೆಯನ್ನೂ ಹಿಡಿದು ಬಾವಿಗೆ ಹೋದಳು. ಸ್ವಲ್ಪ ಹೊತ್ತಿಗೆ ಖಾಲಿ ಬಿಂದಿಗೆಯೊಂದಿಗೆ ವಾಪಸು ಬಂದಳು.

"ದರ್ಜಿ ಹೆಂಡ್ತಿ ಓದಿದ್ಲು. ಅದು ಸತ್ತವನ ಹೆಸರಂತೆ. ಎಲ್ರೂ ಬಿದ್ದು ಬಿದ್ದು ನಕ್ರು" ಎಂದಳು. ಬಿಂದಿಗೆಯನ್ನು ಧೊಪ್ಪೆಂದು ಇಟ್ಟಳು. "ನಿಮ್ಮ ಹೆಸರು ಕಿತ್ತಾಕ್ದೋನು ಯಾವನ್ರೀ? ಅವನ ಕೈಗೆ ಲಕ್ವಾ ಹೊಡೀಲಿ."

"ಹಾಗನ್ಬೇಡ ಕಣೆ" ಎಂದ ಮಗೊಜಿ. "ಕಣ್ಣಂತೂ ಹೋಯ್ತು. ನಮಗೀಗ ಉಳಿದಿರೋದು ಆ ಕೈ ಒಂದೇ."