ತಾನ್ಸಾದ ದಾರಿ, ಭಾನುವಾರದ ನೀರು

ನಮ್ಮ ವಡಾಲದ ಕಾಲನಿಯಲ್ಲಿ ನೀರು ಬೆಳಿಗ್ಗೆ ಆರಕ್ಕೆ ಬಂದು ಏಳಕ್ಕೆ ಹೋಗುತ್ತದೆ. ಮದುವೆಯಾಗಿ ಬಂದ ಮರುದಿನವೇ ಅತ್ತೆ ಕಲಿಸಿದ ಮೊದಲ ಪಾಠ ಅದು. ದೇವರಿಗೆ ದೀಪ ಹಚ್ಚುವುದು ಎರಡನೆಯದು. ನಲ್ಲಿ ಮೊದಲು ಬುಸುಗುಡುತ್ತದೆ, ಆಮೇಲೆ ಕೆಮ್ಮುತ್ತದೆ, ಆಮೇಲೆ ಒಮ್ಮೆಗೇ ಸುರಿಯುತ್ತದೆ. ಆ ರಭಸಕ್ಕೆ ಪೈಪು ಹಾರಿ ಹೊರಗೆ ಬೀಳದಂತೆ ಅದನ್ನು ಡ್ರಮ್ಮಿನ ಹಿಡಿಗೆ ಹಳೆ ಸೀರೆಯ ಚೂರಿನಿಂದ ಬಿಗಿಯಬೇಕು. ಜ್ವರವಿರಲಿ, ಮನೆ ತುಂಬ ನೆಂಟರಿರಲಿ, ಆರು ಗಂಟೆಗೆ ಆ ನಲ್ಲಿಯ ಮುಂದೆ ನಿಲ್ಲುತ್ತಿದ್ದವಳು ನಾನೊಬ್ಬಳೇ.

ನನ್ನ ಗಂಡ ಆ ಹೊತ್ತಿಗೆ ಮಾಟುಂಗದ ಹೋಟೆಲಿನಲ್ಲಿರುತ್ತಿದ್ದರು. ಅಲ್ಲಿ ಮ್ಯಾನೇಜರು. ಗಿರಾಕಿ ಕೂತ ಕೂಡಲೇ ಮೇಜಿನ ಮೇಲೆ ನೀರಿನ ಲೋಟ ಬರದಿದ್ದರೆ ಮಾಣಿಗೆ ಮಂಗಳಾರತಿ. ಆದರೆ ಮನೆಯ ಲೋಟಕ್ಕೆ ನೀರು ಎಲ್ಲಿಂದ ಬಂತೆಂದು ಅವರು ಒಂದು ದಿನವೂ ಕೇಳಿದವರಲ್ಲ. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂದು ಛೇಡಿಸಿದರೆ ನಗುತ್ತಿದ್ದರು. ಈಗ ಹೋಟೆಲು ಬಿಟ್ಟು ಮನೆಯಲ್ಲಿದ್ದಾರೆ. ಆರಕ್ಕೆ ಏಳುವ ಅಭ್ಯಾಸವನ್ನೂ ಹೋಟೆಲಿನಲ್ಲೇ ಬಿಟ್ಟು ಬಂದಿದ್ದಾರೆ.

ಸೈಕಲ್ ನನ್ನ ಕೈಗೆ ಬಂದದ್ದು ಐವತ್ತು ದಾಟಿದ ಮೇಲೆ. ಮಗಳು ಮದುವೆಯಾಗಿ ದಹಿಸರಿಗೆ ಹೋಗುವಾಗ ಬಿಟ್ಟುಹೋದ ಗೇರಿನ ಸೈಕಲ್ ಅದು. ಕಾಲನಿಯ ಮೈದಾನದಲ್ಲಿ ಬಿದ್ದು ಎದ್ದು ಕಲಿತೆ. ನೋಡಿದವರು ನಕ್ಕರು, ನಗಲಿ. ನಮ್ಮ ಕನ್ನಡ ಸಂಘದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಮೈಸೂರು ಕಡೆಯ ಒಬ್ಬ ಗೆಳತಿ ಇದ್ದರು. ಅವರೂ ಸೈಕಲ್ಲಿನವರೇ. ಒಂದು ದಿನ ಅವರೇ ಹೇಳಿದರು, "ತಾನ್ಸಾಕ್ಕೆ ಹೋಗೋಣ ಕಣ್ರೀ. ಮುಂಬಯಿಗೆ ನೀರು ಕೊಡೋ ಕೆರೆಗಳಲ್ಲಿ ಅದೂ ಒಂದು. ಕೆರೆ ಪಕ್ಕ ಕಾಡುದಾರಿ ಇದೆ, ಬಲು ಚೆನ್ನಾಗಿದೆಯಂತೆ."

ಕೇಳಿದ್ದೇ ತಡ, ಹೋಗಲೇಬೇಕು ಅನ್ನಿಸಿತು. ಇಷ್ಟು ವರ್ಷ ನನ್ನ ಬೆಳಗಿನ ನಿದ್ದೆ ಕದ್ದ ಆ ನೀರನ್ನು ಒಮ್ಮೆ ಎದುರಿಗೆ ನಿಂತು ನೋಡಬೇಕಿತ್ತು.

"ನೀನು ಸೈಕಲ್ ಬಿಡ್ಲಿಕ್ಕೆ ಹೋದ್ರೆ ಇಲ್ಲಿ ನೀರು ಯಾರು ತುಂಬುದು?" ಎಂದರು ಗಂಡ.

"ನೀವು."

ಮನೆಯಲ್ಲಿ ಎರಡು ದಿನ ಮಾತಿಲ್ಲ. ಮೂರನೆಯ ದಿನ ತೀರ್ಪು ಬಂತು. "ಒಂದು ಭಾನುವಾರ ಹೋಗು. ಆದ್ರೆ ಮನೆಯಲ್ಲಿ ನೀರಿಗೆ ತೊಂದ್ರೆ ಆಯ್ತೋ, ಸೈಕಲ್ ಸೀದಾ ಭಂಗಾರದವನ ಗುಜರಿಗೆ."

ಮೈ ಉರಿಯಿತು. ಆದರೂ ಒಪ್ಪಿದೆ. ಹಿಂದಿನ ಸಂಜೆ ಪೈಪು, ಡ್ರಮ್ಮು, ಬಟ್ಟೆಯ ಚೂರು ಎಲ್ಲ ತೋರಿಸಿ, "ಇದರಲ್ಲಿ ಬಿಗಿಯಾಗಿ ಕಟ್ಟಿ, ಮರೀಬೇಡಿ" ಎಂದೆ.

"ಇಡೀ ಹೋಟೆಲು ನಡೆಸಿದವ ನಾನು. ಒಂದು ಡ್ರಮ್ಮು ತುಂಬಿಸ್ಲಿಕ್ಕೆ ನೀನು ಹೇಳಿಕೊಡುದಾ?"

ಮರುದಿನ ಬೆಳಕು ಹರಿಯುವ ಮೊದಲೇ ದಾದರಿನಲ್ಲಿ ಕಸಾರಾ ಲೋಕಲ್ಲಿನ ಲಗೇಜ್ ಡಬ್ಬಿಗೆ ಸೈಕಲ್ ಏರಿಸಿದೆವು. ಒಳಗೆ ಖಾಲಿ ಮೀನಿನ ಬುಟ್ಟಿಗಳು, ಹಾಲಿನ ಕ್ಯಾನುಗಳು. ನಡುವೆ ನಾವಿಬ್ಬರು ಹೆಂಗಸರು, ಎರಡು ಸೈಕಲ್. ಒಬ್ಬ ಗಡ್ಡದವ ಹಿಂದಿಯಲ್ಲಿ, "ಮಾವಶಿ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?" ಎಂದ. "ಈ ವಯಸ್ಸಿನಲ್ಲಿ ನೀನು ಇಷ್ಟು ಮಾತಾಡುವುದು ಯಾಕೆ?" ಎಂದೆ. ಅವನು ಬುಟ್ಟಿ ಸರಿಸಿ ನಮಗೆ ಜಾಗ ಮಾಡಿಕೊಟ್ಟ.

ಆಟಗಾಂವ್‌ನಲ್ಲಿ ಇಳಿದು ಹೆದ್ದಾರಿ ದಾಟಿದರೆ ತಾನ್ಸಾದ ರಸ್ತೆ. ಮೊದಲು ಗೋದಾಮುಗಳು, ಇಟ್ಟಿಗೆ ಭಟ್ಟಿಗಳು. ಆಮೇಲೆ ಸಾಗುವಾನಿ ಕಾಡು. ಚಳಿಗಾಲ ಮುಗಿಯುತ್ತಾ ಬಂದಿತ್ತು. ಒಣಗಿದ ಅಗಲ ಎಲೆಗಳು ರಸ್ತೆಯ ತುಂಬ ಬಿದ್ದು ಚಕ್ರದಡಿ ಹಪ್ಪಳದಂತೆ ಮುರಿಯುತ್ತಿದ್ದವು. ಒಂದು ಕಡೆ ಆಳೆತ್ತರದ ಕಬ್ಬಿಣದ ಪೈಪು ನಾವು ಬಂದ ದಿಕ್ಕಿಗೆ ಓಡುತ್ತಿತ್ತು. ನಾನು ನಿಂತು ಅದಕ್ಕೆ ಕಿವಿಯಿಟ್ಟೆ. ಒಳಗೆ ನೀರು ಗುಂಯ್‌ಗುಡುತ್ತಿತ್ತು. ಅದು ನಗರಕ್ಕೆ, ನಾನು ಕಾಡಿಗೆ. ಇವತ್ತು ನಿನ್ನನ್ನು ಎದುರುಗೊಳ್ಳಲು ನಾನಿಲ್ಲ, ಹೋಗು ಎಂದು ಮನಸ್ಸಿನಲ್ಲೇ ಹೇಳಿದೆ. ಆ ಖುಷಿಯನ್ನು ಮುಚ್ಚಿಡುವುದು ಯಾಕೆ? ಕುಣಿಯುವಷ್ಟು ಖುಷಿಯಾಗಿತ್ತು.

ಒಂದು ಏರು ಹತ್ತಿ ಬಳಲಿದಾಗ ಹ್ಯಾಂಡ್‌ಪಂಪಿನ ಬಳಿ ಒಬ್ಬ ಹೆಂಗಸು ಕಂಡಳು. ನನ್ನದೇ ವಯಸ್ಸು. ತಲೆಗೆ ಸಿಂಬೆ, ಕಾಲ ಬಳಿ ಎರಡು ಕೊಡ. ಮರಗಳ ಸಂದಿಯಲ್ಲಿ ಕೆರೆ ಕಾಣುತ್ತಿತ್ತು, ಆಚೆ ದಡವೇ ಇಲ್ಲವೇನೋ ಎಂಬಷ್ಟು ದೊಡ್ಡದು. ಅದರ ಪಕ್ಕದಲ್ಲೇ ಬದುಕುವವಳು ಎರಡು ಕೊಡ ನೀರಿಗೆ ಪಂಪು ಒತ್ತುತ್ತಿದ್ದಳು. ನೋಡಿ ನನಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ಅವಳೇ ಪಂಪು ಒತ್ತಿ ನಮ್ಮ ಬಾಟಲಿ ತುಂಬಿಸಿದಳು. ಮುಂಬಯಿಯಿಂದ ಬಂದವರೆಂದು ತಿಳಿದ ಮೇಲೆ ಮರಾಠಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದಳು. "ಹಾಗಾದರೆ ಇವತ್ತು ನಿನ್ನ ಮನೆಯಲ್ಲಿ ನೀರು ತುಂಬಿದ್ದು ಯಾರು?"

"ಗಂಡ" ಎಂದೆ.

ಅವಳು ಪಂಪಿನ ಹಿಡಿ ಬಿಟ್ಟು ಹೊಟ್ಟೆ ಹಿಡಿದು ನಕ್ಕಳು. ನಾವೂ ನಕ್ಕೆವು. ಆ ನಗು ಮುಗಿಯುವ ಮೊದಲೇ ಫೋನು ಬಂತು.

"ಎಲ್ಲ ಮುಳುಗಿತು ಮಾರಾಯ್ತಿ! ನೀನು ಈಗಲೇ ಹೊರಟು ಬಾ."

"ಎಂತಾಯ್ತು?"

"ಪೈಪು ಹಾರಿತು. ನಲ್ಲಿ ತಿರುಗಿಸಿದೆ, ಬರೀ ಗಾಳಿ ಬಂತು. ಸ್ವಲ್ಪ ಒರಗಿದ್ದು ಅಷ್ಟೇ. ಕೆಳಗಿನ ಮನೆಯವಳು ಬಂದು ಬಾಗಿಲು ಬಡಿದಾಗ್ಲೇ ಗೊತ್ತಾದದ್ದು. ಅವಳ ಸೋಫಾದ ಮೇಲೆ ಸೋರ್ತಾ ಉಂಟಂತೆ."

"ಡ್ರಮ್ಮಿನಲ್ಲಿ ನೀರು ಉಂಟಾ?"

"ಡ್ರಮ್ಮಿನಲ್ಲಿ ಮಾತ್ರ ಇಲ್ಲ."

"ಬಟ್ಟೆ ಕಟ್ಟಿದ್ರಾ?"

"ಪೈಪೇ ಸರಿ ಇಲ್ಲ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗೆಳತಿಗೆ ವಿಷಯ ತಿಳಿಯಿತು. ಮೆಲ್ಲಗೆ, "ವಾಪಸ್ ಹೋಗೋಣವೇನ್ರೀ? ಕೆರೆ ಎಲ್ಲಿಗೂ ಓಡಿಹೋಗಲ್ಲ" ಎಂದರು.

ಕೆರೆ ಓಡಿಹೋಗುವುದಿಲ್ಲ, ನಿಜ. ಆದರೆ ಇವತ್ತು ನಾನು ತಿರುಗಿದರೆ ಸೈಕಲ್ ನಾಳೆಯೇ ಭಂಗಾರದವನ ತಕ್ಕಡಿಯಲ್ಲಿರುತ್ತದೆ. ನಾನು ಆರು ಗಂಟೆಗೆ ಅದೇ ನಲ್ಲಿಯ ಮುಂದೆ ನಿಂತಿರುತ್ತೇನೆ. ಅದೂ ಸಾಯುವವರೆಗೆ. ಅಷ್ಟಕ್ಕೂ ಹೋಗಿ ಮಾಡುವುದೇನು? ಕೆಳಗಿನ ಮನೆಗೆ ಇಳಿದ ನೀರನ್ನು ಮೇಲಕ್ಕೆ ಎತ್ತುವ ವಿದ್ಯೆ ನನಗಂತೂ ಗೊತ್ತಿಲ್ಲ.

"ನೆಲ ಒರೆಸುವ ಬಟ್ಟೆ ಬಾತ್‌ರೂಮಿನ ಬಾಗಿಲ ಹಿಂದೆ ಉಂಟು" ಎಂದು ಹೇಳಿ ಫೋನು ಆರಿಸಿದೆ. ಹ್ಯಾಂಡ್‌ಪಂಪಿನ ಹೆಂಗಸಿಗೆ ನಮ್ಮ ಭಾಷೆ ತಿಳಿಯದು. ಆದರೆ ಆ ಫೋನು ಯಾರದೆಂದು, ನಾನು ಹೇಳಿದ್ದೇನೆಂದು ಅವಳಿಗೆ ಚೆನ್ನಾಗಿಯೇ ತಿಳಿದಿತ್ತು. ಕೊಡ ಎತ್ತಿ ತಲೆಗಿಟ್ಟುಕೊಂಡು, ಕೆರೆಯ ಕಡೆ ಗದ್ದ ತೋರಿಸಿ, "ಹೋಗು" ಎಂದಳು.

ಹೋದೆ. ಕೆರೆಯ ಪಕ್ಕದ ದಾರಿ ಮುಗಿಯುವವರೆಗೂ ಹೋದೆ. ಡಾಂಬರು ಮುಗಿದು ಕೆಂಪು ಧೂಳು ಬಂತು, ಧೂಳು ಮುಗಿದು ಕಲ್ಲು ಬಂತು. ಕಲ್ಲಿನಲ್ಲಿ ಸೈಕಲ್ ತಳ್ಳಿಕೊಂಡು ನಡೆದೆ. ನೀರಿಗಿಳಿದವಳಿಗೆ ಚಳಿಯೇನು, ಮಳೆಯೇನು? ದಾರಿಯ ಕೊನೆಯಲ್ಲಿ ಕೂತು, ಕಟ್ಟಿಕೊಂಡು ಹೋಗಿದ್ದ ನೀರುದೋಸೆ, ಬೆಲ್ಲ ಕಾಯಿ ತಿಂದೆವು. ಎದುರಿಗೆ ನೀರು ಸುಮ್ಮನೆ ಬಿದ್ದುಕೊಂಡಿತ್ತು. ಬುಸುಗುಡುವುದಿಲ್ಲ, ಕೆಮ್ಮುವುದಿಲ್ಲ, ಯಾರನ್ನೂ ಎಬ್ಬಿಸುವುದಿಲ್ಲ. ನನಗೆ ಅಳು ಬಂತು. ಗೆಳತಿ ಇನ್ನೊಂದು ದೋಸೆ ಕೊಟ್ಟರು.

ಮನೆ ಮುಟ್ಟುವಾಗ ಸಂಜೆ. ಕೆಂಪು ಧೂಳು ಬೆವರಿಗೆ ಅಂಟಿ ಮೈಯೆಲ್ಲ ಅಂಟಂಟು. ಗಂಡ ಲುಂಗಿ ಎತ್ತಿ ಕಟ್ಟಿಕೊಂಡು ಕೂತಿದ್ದರು. ನೆಲ ಒಣಗಿತ್ತು, ಮುಖದ ಬೆವರು ಒಣಗಿರಲಿಲ್ಲ.

"ಸ್ನಾನಕ್ಕೆ ನೀರಿಲ್ಲ" ಎಂದರು. "ಕೆಳಗಿನವಳ ಹತ್ರ ಒಂದು ಬಕೆಟ್ ಕೇಳಿಕೊಂಡು ಬಾ. ನೀನು ಕೇಳಿದ್ರೆ ಕೊಡ್ತಾಳೆ."

ನಾನು ಖಾಲಿ ಬಕೆಟ್ ತಂದು ಅವರ ಕಾಲ ಬಳಿ ಇಟ್ಟೆ. "ಸೋಫಾ ನೆನೆಸಿದ್ದು ನಾನಲ್ಲ."

ಅವರು ನನ್ನ ಮುಖ ನೋಡಿದರು. ಬಕೆಟ್ ನೋಡಿದರು. ಬಾಗಿಲ ಬಳಿ ನಿಂತಿದ್ದ ಸೈಕಲ್ ನೋಡಿದರು. ಭಂಗಾರದವನ ಹೆಸರು ಈಗ ಬರುತ್ತದೆ ಎಂದು ನಾನು ಹಲ್ಲು ಕಚ್ಚಿ ನಿಂತೆ. ಬರಲಿಲ್ಲ. ಬಕೆಟ್ ಎತ್ತಿಕೊಂಡು ಇಳಿದರು. ಕೆಳಗಿನವಳ ದನಿ ಬಿಲ್ಡಿಂಗಿಗೆಲ್ಲ ಕೇಳಿಸಿತು. ಇವರ ದನಿ ಕೇಳಿಸಲೇ ಇಲ್ಲ. ಮೇಲೆ ಬರುವಾಗ ಬಕೆಟ್ ಅರ್ಧ ತುಂಬಿತ್ತು.

ಅದನ್ನು ಬಾತ್‌ರೂಮಿನಲ್ಲಿಟ್ಟು, ನನ್ನ ಕಡೆ ನೋಡದೆ ಕೇಳಿದರು, "ಆ ಬಟ್ಟೆ ಚೂರು ಎಲ್ಲಿ ಉಂಟು?"

"ನಲ್ಲಿಯ ಪಕ್ಕ, ಮೊಳೆಯಲ್ಲಿ. ನಾಳೆ ಆರಕ್ಕೆ ಏಳಿ."

"ನಾಳೆಯಾ? ನಾಳೆ ಸೋಮವಾರ ಅಲ್ವಾ?"

"ನೀರಿಗೆ ಸೋಮವಾರ ರಜೆ ಉಂಟಾ, ಮಾರಾಯ್ರೆ?" ಎಂದು ನಾನು ಬಾತ್‌ರೂಮಿನ ಚಿಲಕ ಹಾಕಿಕೊಂಡೆ.