ಇಂಜಿನ್ ತಣ್ಣಗಾಗುವ ತನಕ ಕೂತ ಕಸ್ತೂರೆವ್ವ

ಕಸ್ತೂರೆವ್ವನನ್ನು ಮಾಲು ಎಂದು ನೋಡಿದರೆ ಮೊದಲ ನೋಟಕ್ಕೆ ಯಾವ ವ್ಯಾಪಾರಿಯೂ ಕೈ ಹಾಕುವುದಿಲ್ಲ. ಗಾತ್ರ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ವಯಸ್ಸು ಐವತ್ತರ ಆಚೆ, ಅವಳು ಹೇಳುವುದು ನಲವತ್ತರ ಈಚೆ. ಹೇಳಿದ ಹೊತ್ತಿಗೆ ಬರುವುದಿಲ್ಲ. ಬಂದರೆ ಉಣ್ಣದೆ ಏಳುವುದಿಲ್ಲ. ನಾನು ಇಂಡಿಯಲ್ಲಿ ನಿಂಬೆಹಣ್ಣಿನ ದಲಾಲಿಯ ಅಡತಿ ಅಂಗಡಿ ಇಟ್ಟವನು. ಸಿಪ್ಪೆ ನೋಡಿ ರಸ ಹೇಳುವುದು ನನ್ನ ಕಸುಬು. ಈಕೆಯ ವಿಷಯದಲ್ಲಿ ಮಾತ್ರ ಅಂದಾಜು ತಪ್ಪಿತು.

ಯಂಕಂಚಿಯ ಕುರಿಗಾರರ ಮಗಳು, ನಮ್ಮ ಇಂಡಿಯ ಸೊಸೆ. ಬಾಡಿಗೆ ಕಾರು ಓಡಿಸುತ್ತಾಳೆ. ಗಂಡ ಮಾಳಿಂಗ ಇಂದಿಗೂ ಕುರಿ ಕಾಯುತ್ತಾನೆ, ಹೆಂಡತಿಯ ಕಾರು ಹತ್ತುವುದಿಲ್ಲ. “ಕುರಿಗಿ ನಿಲ್ಲಂದ್ರ ನಿಲ್ಲತಾವರಿ. ಇಕಿಗಿ ಯಾರ ಹೇಳಬೇಕು?” ಎನ್ನುತ್ತಾನೆ.

ನನ್ನ ಹೆಂಡತಿ ರಾಜೇಶ್ವರಿಗೆ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ವಿಜಯಪುರಕ್ಕೆ ಹೋಗಬೇಕಾಯಿತು. ಕಸ್ತೂರೆವ್ವನೇ ಕರೆದೊಯ್ಯುತ್ತಿದ್ದಳು. ಅವಳಿಗೆ ಬೇರೆ ಬಾಡಿಗೆ ಇದ್ದ ಒಂದು ದಿನ ಇನ್ನಾರದೋ ಗಾಡಿ ಹಿಡಿದೆ. ಅರ್ಧ ದಿನ ಆಸ್ಪತ್ರೆಯ ಮುಂದೆ ನಿಂತಿದ್ದ ಆ ಗಾಡಿ, ರಾಜೇಶ್ವರಿ ಹೊರಗೆ ಬಂದಾಗ ಚಾಲೂ ಆಗಲೇ ಇಲ್ಲ. ರಕ್ತ ಸೋಸಿಕೊಂಡು ಸುಸ್ತಾಗಿದ್ದ ಹೆಂಗಸು ರಸ್ತೆಯ ಬದಿಯ ಕಲ್ಲಿನ ಮೇಲೆ, ತಲೆಯನ್ನು ನನ್ನ ಹೆಗಲಿಗೆ ಚೆಲ್ಲಿ ಕೂತಳು. ಅವತ್ತೇ ನಿರ್ಧರಿಸಿದೆ: ಅವಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗುವಂಥ ಒಂದು ಸೆಡಾನ್ ಕಾರು ಬೇಕು. ಔಷಧದ ಖರ್ಚಿನ ನಡುವೆ ಹೊಸದರ ಮಾತಿಲ್ಲ, ಹಳೆಯದೇ ಸರಿ.

ರಾಜೇಶ್ವರಿ ಕಲ್ಲಿನ ಮೇಲೆ ಕೂತದ್ದನ್ನು ಹೇಳಿ, ಆರಿಸಿಕೊಡಲು ಕಸ್ತೂರೆವ್ವನನ್ನೇ ಕೇಳಿದೆ. ನಾನು ಕಾರು ಕೊಂಡರೆ ತಪ್ಪುವುದು ಅವಳ ಬಾಡಿಗೆ. ನಾನಾಗಿದ್ದರೆ ಒಂದಿಷ್ಟು ಮೊಂಡಾಟ ಮಾಡುತ್ತಿದ್ದೆ. ಅವಳು “ಯಾವಾಗ ಹೊಂಡೂದು ಸಾವಕಾರ್ರ?” ಎಂದಳು. ವ್ಯಾಪಾರ ಗೊತ್ತಿಲ್ಲದ ಹೆಂಗಸು ಎಂದುಕೊಂಡೆ.

ಮೊದಲ ಕಾರು ಬಸವನ ಬಾಗೇವಾಡಿಯಲ್ಲಿತ್ತು. ಬೀಜ-ಗೊಬ್ಬರದ ಏಜೆಂಟ್ ವಿನೀತನದು. ಬೆಳ್ಳನೆಯ ಕಾರು, ಮುಖ ನೋಡಿಕೊಂಡು ಮೀಸೆ ಕತ್ತರಿಸಬಹುದಾದಷ್ಟು ಹೊಳಪು. ಅವನು ಕೀ ತಿರುವಿದ, ಒಂದೇ ಏಟಿಗೆ ಚಾಲೂ. ನಾನು ಆಗಲೇ ಮನಸ್ಸಿನಲ್ಲಿ ಅದಕ್ಕೆ ನಿಂಬೆಹಣ್ಣು ಕಟ್ಟಿದ್ದೆ.

ಕಸ್ತೂರೆವ್ವ ಮಗುವಿನ ಜ್ವರ ನೋಡುವಂತೆ ಬಾನೆಟ್ ಮೇಲೆ ಅಂಗೈ ಇಟ್ಟಳು.

“ಭಾಳ ಸುಡಾಕತ್ತೈತಲ್ಲೋ ತಮ್ಮಾ.”

“ಬಿಸಲಾಗ ನಿಂತದಲ್ರೀ, ಅದಕ್ಕ,” ಎಂದ ವಿನೀತ.

“ಹೌದೌದು. ಪಾಪ, ಆ ಬೇವಿನ ಗಿಡದ ನೆಳ್ಳಿಗಿ ಹಚ್ಚು.”

ಅವನು ನೆರಳಿಗೆ ನಿಲ್ಲಿಸಿದ. ಅಷ್ಟರಲ್ಲಿ ಅವನ ತಾಯಿ ರಂಗೂಬಾಯಿ ಬಾಗಿಲಿಗೆ ಬಂದು, “ಉಣ್ಣೋ ಹೊತ್ತಿನ್ಯಾಗ ಬಂದೀರಿ, ಹಂಗ ಹ್ಯಾಂಗ ಹೋಗ್ತೀರಿ? ಒಳಗ ಬರ್ರಿ,” ಎಂದರು. ನಮ್ಮ ಕಡೆ ಇಂಥ ಮಾತಿಗೆ ಎರಡು ಸಲ ಬೇಡವೆಂದು ಮೂರನೆಯ ಸಲ ಒಪ್ಪುವುದು ಪದ್ಧತಿ. ಕಸ್ತೂರೆವ್ವ ಮೊದಲ ಸಲಕ್ಕೇ ಚಪ್ಪಲಿ ಬಿಟ್ಟಳು.

ರೊಟ್ಟಿ, ಝುಣಕ, ಮಜ್ಜಿಗೆ. ಅವಳು ಎಷ್ಟು ಹಾಕಿಸಿಕೊಂಡಳೆಂದು ನಾನು ಹೇಳುವುದಿಲ್ಲ. ಆ ಮನೆಯ ಉಪ್ಪು ನಾನೂ ತಿಂದಿದ್ದೇನೆ. ಊಟವಾದ ಮೇಲೆ ರಂಗೂಬಾಯಿ ಚಾಪೆ ಹಾಸಿ, “ಚೂರು ಅಡ್ಡಾಗ್ರಿ,” ಎಂದರು. ಅಡ್ಡಾದಳು. ಗೊರಕೆಯೂ ಹೊಡೆದಳು. ವಿನೀತ ಎದ್ದೆದ್ದು ಹೊರಗೆ ಹೋಗಿ, “ಒಂದ ರೌಂಡ್ ಹೊಡದ ಬರ್ಲೇನ್ರೀ?” ಎಂದು ನನ್ನನ್ನು ಕೇಳುತ್ತಿದ್ದ. ಗೊರಕೆಯ ನಡುವಿನಿಂದಲೇ ಉತ್ತರ ಬರುತ್ತಿತ್ತು: “ಬ್ಯಾಡೋ ತಮ್ಮಾ, ಎಲ್ಲಾರೂ ಕೂಡೇ ಹೋಗೂನು.”

ನನಗೆ ಸಿಟ್ಟು ಏರಿತ್ತು. ಮೆಲ್ಲಗೆ, “ಕಸ್ತೂರಕ್ಕಾ, ಕಾರ್ ನೋಡಾಕ ಬಂದೀವೋ ಬೀಗತನಕ್ಕ ಬಂದೀವೋ?” ಎಂದೆ.

ಅವಳು ಒಂದು ಕಣ್ಣು ತೆರೆದು, “ಇವರವ್ವ ಸಜ್ಜಿಗಿ ಮಾಡಾಕತ್ತಾರ. ಸುಮ್ನ ಕುಂದರ್ರಿ,” ಎಂದಳು.

ಸಜ್ಜಿಗೆ ಮುಗಿಯಿತು, ಚಹಾ ಮುಗಿಯಿತು. ಬೇವಿನ ನೆರಳು ಗೋಡೆ ಏರಿದ ಮೇಲೆ ಎದ್ದು ಮತ್ತೆ ಬಾನೆಟ್ ಮುಟ್ಟಿದಳು. ಮಡಕೆಯಂತೆ ತಣ್ಣಗಿತ್ತು.

“ಈಗ ಹಚ್ಚು ತಮ್ಮಾ.”

ವಿನೀತ ಕೀ ತಿರುವಿದ. ಕಾರು ಮುದುಕನಂತೆ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುವಿದ, ಮತ್ತೆ ಕೆಮ್ಮು. ಬೆವರು ಒರೆಸಿಕೊಂಡು ಕಡೆಗೊಮ್ಮೆ ಚಾಲೂ ಮಾಡಿದಾಗ ಹಿಂದಿನಿಂದ ಎದ್ದ ನೀಲಿ ಹೊಗೆಗೆ ಬೇವಿನ ಗಿಡದ ಕಾಗೆಗಳೆಲ್ಲ ಹಾರಿದವು.

“ಬ್ಯಾಟರಿ ಸ್ವಲ್ಪ ವೀಕ್ ಅದರೀ,” ಎಂದ.

“ಬ್ಯಾಟರಿ ಹೊಗಿ ಉಗುಳೂದಿಲ್ಲೋ ಯಪ್ಪಾ. ಇಂಜಿನ್ ಆಯಿಲ್ ಕುಡ್ಯಾಕತ್ತೈತಿ.”

ರಂಗೂಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಮಗನ ಪರವಾಗಿ, “ಏನೂ ಹೆದರಬ್ಯಾಡ್ರೀ, ದಿನಾ ಮುಂಜಾನೆ ಇದು ಹಿಂಗೇ ಮಾಡ್ತದ, ಆಮ್ಯಾಲ ಸುಮ್ನಾಗ್ತದ,” ಎಂದರು. ಆ ತಾಯಿ ಕಲಬೆರಕೆ ಇಲ್ಲದ ಮಾಲು. ವಿನೀತ ಮಾತ್ರ ಕಾರಿನಿಂದ ಇಳಿಯಲಿಲ್ಲ.

ಬರುವಾಗ ದಾರಿಯಲ್ಲಿ ಕಸ್ತೂರೆವ್ವ ಹೇಳಿದಳು: “ನಾವು ಬರೂಕಿಂತ ಮೊದಲ ಹಚ್ಚಿ ಕಾಯಿಸಿ ಇಟ್ಟಿದ್ದ. ಬಿಸಿ ಇದ್ದಾಗ ಎಂಥಾ ಗಾಡೀನೂ ಹೊಂಡತೈತಿ. ದವಾಖಾನಿ ಮುಂದ ಅರ್ಧಾ ದಿನ ನಿಂತು ಹೊಂಡೂದು ಬ್ಯಾರೆ. ನಮ್ಮ ರಾಜಕ್ಕನ ಮತ್ತ ಕಲ್ಲಿನ ಮ್ಯಾಲ ಕುಂದರಸ್ತೀರೇನು?”

ಇಡೀ ದಿನ ಅವಳು ರಾಜೇಶ್ವರಿಯ ಆಸ್ಪತ್ರೆಯ ಹೊತ್ತನ್ನೇ ಆ ಚಾಪೆಯ ಮೇಲೆ ಮಲಗಿ ಅಳೆಯುತ್ತಿದ್ದಳು.

ಕೊನೆಗೆ ಕೊಂಡದ್ದು ಮುದ್ದೇಬಿಹಾಳದ ಟೀಚರ್ ಸುಮೇಧಾ ಅವರ ಕಾರು. ಮಾಸಿದ ಬೂದು ಬಣ್ಣ, ಎಡಗಡೆಯ ಎರಡೂ ಬಾಗಿಲು ತಗ್ಗು ಬಿದ್ದಿದ್ದವು. ತೊಳೆದೂ ಇರಲಿಲ್ಲ. ನಾನು ಮುಖ ಸಿಂಡರಿಸಿದೆ. ಹಿಂದಿನ ದಿನದಿಂದ ನಿಂತಿದ್ದ ಬಂಡಿ, ಕೀ ತಿರುವಿದ ಕೂಡಲೇ ಗುಣುಗುಟ್ಟಿತು. ಕಸ್ತೂರೆವ್ವ ಹಿಂದಿನ ಸೀಟಿನಲ್ಲಿ ತನ್ನ ಗಾತ್ರವನ್ನೆಲ್ಲ ಮಡಚಿ ಮಲಗಿ, ಊರ ಹೊರಗಿನ ಕೆಟ್ಟ ರಸ್ತೆಯಲ್ಲೇ ಓಡಿಸಲು ಟೀಚರಿಗೆ ಹೇಳಿದಳು.

“ಬಾಗಲಾ ನೋಡಿ ಮಾರಿ ಯಾಕ ಸಣ್ಣ ಮಾಡ್ತೀರಿ ಸಾವಕಾರ್ರ? ರಾಜಕ್ಕ ಬಾಗಲದಾಗ ಮಲಗೂದಿಲ್ಲ. ಇಲ್ಲಿ ಮಲಗಾಕಿ. ಬೆನ್ನಿಗಿ ಒಂದೂ ಏಟ ಹತ್ತಲಿಲ್ಲ ನೋಡ್ರಿ.”

ಈಗ ಎರಡು ವರ್ಷವಾಯಿತು. ರಾಜೇಶ್ವರಿ ವಾರಕ್ಕೆರಡು ಸಲ ಆಸ್ಪತ್ರೆಯಿಂದ ಹೊರಗೆ ಬಂದು ನೇರ ಸೀಟಿನಲ್ಲಿ ಮಲಗುತ್ತಾಳೆ, ಇಂಡಿ ಬರುವ ತನಕ ನಿದ್ದೆ ಮಾಡುತ್ತಾಳೆ. ಆ ನಿದ್ದೆಗಾಗಿ ನಾನು ಕಸ್ತೂರೆವ್ವನ ಋಣದಲ್ಲಿದ್ದೇನೆ.